ಬಾಗಿಲ ಒಳಗೇ ನಿಂತು ಮಾಡಿದ ಪರೀಕ್ಷೆ

ಕಣ್ಣು ಕಾಣದ ಮಕ್ಕಳ ಎದುರು ಸದ್ದಿಲ್ಲದೆ ನಿಲ್ಲುವುದನ್ನು ನಾನು ಎರಡು ದಿನ ಅಭ್ಯಾಸ ಮಾಡಿದ್ದೆ. ಬಳೆ ತೆಗೆದಿಡಬೇಕು, ಕಾಲುಂಗುರಕ್ಕೆ ದಾರ ಸುತ್ತಬೇಕು, ಗಂಜಿ ಹಾಕಿದ ಸೀರೆ ಉಡಬಾರದು, ಅದು ನಡೆದರೆ ಕಾಗದದಂತೆ ಸದ್ದು ಮಾಡುತ್ತದೆ. ಚಪ್ಪಲಿಯನ್ನು ಮಾತ್ರ ಹಾಕಿಕೊಂಡೇ ಬಾಗಿಲವರೆಗೆ ಟಪಟಪ ನಡೆದು, ಅಲ್ಲಿ ಬಿಚ್ಚಿ, ಬಾಗಿಲು ತೆರೆದು, ದಢಾರನೆ ಮುಚ್ಚಿ, ಒಳಗೇ ಉಳಿಯಬೇಕು. ಆಮೇಲೆ ಹತ್ತು ನಿಮಿಷ ಗೋಡೆಗೆ ಬೆನ್ನು ಹಚ್ಚಿ ಬಾಯಿಯಿಂದ ಮೆಲ್ಲಗೆ ಉಸಿರಾಡಬೇಕು. ಜಮಖಂಡಿಯ ನಮ್ಮ ಶಾಲೆಯ ಖಾಲಿ ಕೋಣೆಯಲ್ಲಿ ಇದನ್ನೆಲ್ಲ ಮಾಡುವಾಗ ನನಗೆ ನಗು ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೂ ಆಗಿತ್ತು.

ನಮ್ಮದು ಕಣ್ಣು ಕಾಣದ ಮಕ್ಕಳ ವಸತಿ ಶಾಲೆ. ಆ ವರ್ಷ ಎಂಟು ಹಾಸಿಗೆ ಖಾಲಿ ಇದ್ದವು. ಕೇಳಿಕೊಂಡು ಬಂದವರು ಅದರ ಐದಾರು ಪಟ್ಟು. ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಹೊಲಗಳಿಗೆ ಏರುತ್ತಿದ್ದ ಕಾಲವದು. ಬಾವಿ ಎಲ್ಲಿ, ಗುಡಿಯ ಮೆಟ್ಟಿಲು ಎಷ್ಟು ಎಂದು ಕಾಲಿನಿಂದಲೇ ಊರನ್ನು ಬಾಯಿಪಾಠ ಮಾಡಿಕೊಂಡಿದ್ದ ಮಕ್ಕಳಿಗೆ ಪಾಠವೇ ಬದಲಾಗಿಬಿಟ್ಟಿತ್ತು. ಹೀಗಾಗಿ ಅರ್ಜಿಗಳು ಹೆಚ್ಚು. ಯಾರನ್ನು ತೆಗೆದುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸಲು ಮೇಲಿನವರು ಒಂದು ಫಾರ್ಮು ಕಳಿಸಿದ್ದರು. ಊರೂರಿನ ಶಾಲೆಗಳಲ್ಲಿ ಶಿಬಿರ ಹೂಡಿ ಪರೀಕ್ಷೆ ಮಾಡುವ ಕೆಲಸ ನನ್ನದು.

ಫಾರ್ಮು ಅಳೆಯುತ್ತಿದ್ದುದು ಬುದ್ಧಿ ಎಷ್ಟಿದೆ ಎಂಬುದನ್ನಲ್ಲ, ಇದ್ದ ಬುದ್ಧಿಯ ಲಗಾಮು ಮಗುವಿನ ಕೈಯಲ್ಲಿದೆಯೇ ಎಂಬುದನ್ನು. ಹೇಳಿದ್ದನ್ನು ನೆನಪಿನಲ್ಲಿ ಹಿಡಿದು ತಿರುಗಿಸಬಲ್ಲದೇ, ನಿಯಮ ಬದಲಾದರೆ ತಾನೂ ಬದಲಾಗಬಲ್ಲದೇ, ಮುಂದಿನ ಹೆಜ್ಜೆಯನ್ನು ಮೊದಲೇ ಯೋಚಿಸಬಲ್ಲದೇ, ಆಸೆಯಾದಾಗ ತಡೆದುಕೊಳ್ಳಬಲ್ಲದೇ. ಒಳ್ಳೆಯ ಪ್ರಶ್ನೆಗಳೇ. ಆದರೆ ಅದರಲ್ಲಿದ್ದ ಪರೀಕ್ಷೆಗಳೆಲ್ಲ ಕಣ್ಣಿದ್ದವರಿಗೆ ಮಾಡಿದ್ದು. ಚಿತ್ರ ನೋಡು, ಬಣ್ಣ ವಿಂಗಡಿಸು, ಗೆರೆ ಎಳೆ. ಅವನ್ನೆಲ್ಲ ಕೈಗೆ, ಕಿವಿಗೆ ಹೊಂದುವಂತೆ ಬದಲಿಸಿಕೊಳ್ಳಬೇಕಾಯಿತು.

ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವುದಕ್ಕೆ ತೊಂದರೆಯಿರಲಿಲ್ಲ. ನಾನು ಮೇಜಿಗೆ ಒಮ್ಮೆ ಕುಟ್ಟಿದರೆ ಮಗು ಎರಡು ಸಲ ಕುಟ್ಟಬೇಕು, ನಾನು ಎರಡು ಸಲ ಕುಟ್ಟಿದರೆ ಅದು ಒಮ್ಮೆ. ಇದೂ ಸಲೀಸು. ಬಣ್ಣದ ಬದಲು ಮರದ ತುಂಡುಗಳನ್ನು ಮಾಡಿಸಿದೆ: ದುಂಡಗಿನವು, ಚೌಕದವು, ಅವುಗಳಲ್ಲೇ ಕೆಲವು ಒರಟು, ಕೆಲವು ನಯ. ಮೊದಲು ಆಕಾರ ನೋಡಿ ವಿಂಗಡಿಸಬೇಕು. ನಡುವೆ ನಾನು ಹೇಳದೆ ನಿಯಮ ಬದಲಿಸಿ ಒರಟು–ನಯಕ್ಕೆ ಬರುತ್ತೇನೆ; ನಾನು ಹೇಳುವ ‘ಸರಿ’, ‘ತಪ್ಪು’ ಕೇಳಿಯೇ ಮಗು ಅದನ್ನು ಹಿಡಿಯಬೇಕು. ಬಡಿಗ ಮಹಾಶಯ ಅಂದ ಕಾಣಲೆಂದು ನಯದ ತುಂಡುಗಳಿಗೆಲ್ಲ ವಾರ್ನಿಷ್ ಹೊಡೆದು ತಂದ. ಮಕ್ಕಳು ಮುಟ್ಟುವ ಮೊದಲೇ ಮೂಗಿನಿಂದ ವಿಂಗಡಿಸತೊಡಗಿದರು. ಒಂದು ವಾರ ಮಾಳಿಗೆಯ ಮೇಲೆ ಬಿಸಿಲಿಗೆ ಒಣಹಾಕಿದರೂ ಆ ವಾಸನೆ ಹೋಗಲಿಲ್ಲ. ಕೊನೆಗೆ ಬೇರೆ ಮಾಡಿಸಿದೆವು. ಇವುಗಳ ಜೊತೆಗೆ ಚುಕ್ಕಿ ಕಾರ್ಡು: ದಪ್ಪ ರಟ್ಟಿನ ಮೇಲೆ ಉಬ್ಬಿದ ಚುಕ್ಕಿಗಳು. ಬ್ರೈಲ್ ಕಲಿಯಲು ಬೆರಳ ತುದಿ ಎಷ್ಟು ಚುರುಕಾಗಿದೆ ಎಂದು ನೋಡುವುದಕ್ಕೆ. ಎರಡೂ ಕೈಗೆ ಬೇರೆ ಬೇರೆ ಕಾಲಮ್ಮು.

ಉಳಿದದ್ದು ಕಾಯುವ ಪರೀಕ್ಷೆ. ಮಗುವಿನ ಮುಂದೆ ಒಂದು ಚೂರು ತಿನಿಸು ಇಟ್ಟು, ‘ನಾನು ಬರುವವರೆಗೆ ಮುಟ್ಟಬೇಡ, ಮುಟ್ಟದಿದ್ದರೆ ಎರಡು ಕೊಡುತ್ತೇನೆ’ ಎಂದು ಹೇಳಿ ಹೊರಗೆ ಹೋಗಿ, ಕಿಟಕಿಯಿಂದ ಹತ್ತು ನಿಮಿಷ ಗಮನಿಸಬೇಕು. ಬೆಲ್ಲವನ್ನು ಆರಿಸಿಕೊಂಡೆ. ಮುಧೋಳದ ಸುತ್ತ ಅದಕ್ಕೇನು ಬರ? ಆದರೆ ಶಿಬಿರ ನಡೆಯುವ ಸಾಲೆಗಳಲ್ಲಿ ಒಂದಕ್ಕೆ ಕಿಟಕಿಯೇ ಇಲ್ಲ, ಒಂದರ ಕಿಟಕಿ ಮುಚ್ಚಿದರೆ ತೆರೆಯದು. ಹೆಡ್ ಮಾಸ್ತರರ ಮುಂದೆ ಹೇಳಿಕೊಂಡೆ. ಶಿಕ್ಷಕಿಯರನ್ನು ನಮ್ಮ ಕಡೆ ಕರೆಯುವ ಹಾಗೆ ‘ಬಾಯಾರ’ ಎನ್ನುತ್ತಲೇ ಅವರು ನನ್ನ ಪೆದ್ದುತನಕ್ಕೆ ನಕ್ಕರು.

"ಬಾಯಾರ, ಅವಕ್ಕ ಕಾಣತೈತೇನ್ರಿ? ಕಿಟಕಿ ಯಾಕ ಬೇಕ್ರಿ? ಬಾಗಲಾ ಸಪ್ಪಳ ಮಾಡ್ರಿ, ಒಳಗ ನಿಂದರ್ರಿ. ಮುಗೀತು."

ಮುಗಿಯಿತು. ನನಗೂ ಅದು ಜಾಣತನವೆನಿಸಿತು. ಅದು ಮೋಸ ಎಂಬ ಶಬ್ದ ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಕಬ್ಬಿನ ಸುಗ್ಗಿ ಇನ್ನೂ ಮುಗಿಯದಿದ್ದಾಗ ಶಿಬಿರಗಳು ಶುರುವಾದವು. ಬನಹಟ್ಟಿಯಲ್ಲಿ ನಮಗೆ ಕೊಟ್ಟ ಕೋಣೆಯ ಗೋಡೆಗೆ ಹತ್ತಿ ಮಗ್ಗದ ಶೆಡ್ಡು. ಮಗ್ಗಗಳ ಸದ್ದಿನಲ್ಲಿ ನಾನು ಮೇಜಿಗೆ ಎಷ್ಟು ಸಲ ಕುಟ್ಟಿದೆನೆಂದು ನನಗೇ ಕೇಳಿಸದು. ಕರೆಂಟು ಹೋದಾಗ ಊರೆಲ್ಲ ಬೈಯುತ್ತಿದ್ದರೆ ನಾನು ಮಾತ್ರ ಲಗುಬಗೆಯಿಂದ ಪೆನ್ಸಿಲ್ ಎತ್ತಿಕೊಳ್ಳುತ್ತಿದ್ದೆ. ಅಂಥ ಒಂದು ಗಳಿಗೆಯಲ್ಲಿ ನೇಕಾರರ ಮನೆಯ ಎಂಟು ವರ್ಷದ ಹುಡುಗಿಯನ್ನು ಬೆಲ್ಲದ ಮುಂದೆ ಕೂಡಿಸಿದೆ. ಅವಳು ಕೈಕಟ್ಟಿ, ಗಲ್ಲ ಎತ್ತಿ, ಹತ್ತು ನಿಮಿಷ ಅಲುಗಾಡದೆ ಕುಳಿತಳು. ಇಷ್ಟು ಹಿಡಿತ ನನಗೂ ಇಲ್ಲ ಅಂದುಕೊಂಡೆ. ಕಾಲಮ್ಮಿನಲ್ಲಿ ಹತ್ತಕ್ಕೆ ಹತ್ತು.

ಬೀಳಗಿಯ ಶಿಬಿರಕ್ಕೆ ಗಲಗಲಿ ಕಡೆಯಿಂದ ಒಬ್ಬ ತಾಯಿ ಮಗಳನ್ನು ಕರೆತಂದಿದ್ದಳು. ಹುಡುಗಿಗೆ ಒಂಬತ್ತು ದಾಟಿತ್ತು. ಹತ್ತು ತುಂಬಿದರೆ ನಮ್ಮ ಶಾಲೆಯ ಬಾಗಿಲು ಮುಚ್ಚಿದಂತೆ, ಅದು ನಿಯಮ. ಎಡಗಾಲಿನ ಹರಡಿನ ಸುತ್ತ ಚರ್ಮ ಕಪ್ಪಾಗಿ ದಡ್ಡು ಕಟ್ಟಿತ್ತು. ಏನಿದು ಎಂದು ಕೇಳಿದೆ.

"ಹಗ್ಗದ್ದರಿ," ಎಂದಳು ತಾಯಿ, ಮುಚ್ಚಿಡದೆ. "ಗಂಡ ಇಲ್ರಿ ನನಗ. ನಾ ಕಬ್ಬ ಕಡ್ಯಾಕ ಹೋಗ್ತೇನ್ರಿ. ಹೊಳಿಗೆ ಹೋಗೂ ಹಳೀ ಹಾದಿ ಆಕಿ ಕಾಲಿಗೆ ಗೊತ್ತೈತಿ. ಈಗ ಆ ಹಾದ್ಯಾಗ ನೀರ ನಿಂತಾವು, ಅದು ಆಕಿಗೆ ಗೊತ್ತಿಲ್ಲ. ಎರಡ ಸಲ ಎದಿಮಟ ನೀರಿಗೆ ಹೋಗಿ ನಿಂತಿದ್ಲರಿ. ಕಂಬಕ್ಕ ಕಟ್ಟಲಾರದ ಏನ ಮಾಡ್ಲಿ? ನಿಮ್ಮ ಸಾಲ್ಯಾಗ ತಗೋರಿ ಬಾಯಾರ. ಇಲ್ಲಾಂದ್ರ ಕಟ್ಟಿದಲ್ಲೇ ದೊಡ್ಡಾಕಿ ಆಕ್ಕಾಳ."

ಶಾಲೆ ಇಲ್ಲವೇ ಹಗ್ಗ. ಆ ಹುಡುಗಿಯ ಮುಂದಿದ್ದದ್ದು ಇವೆರಡೇ. ಅದು ನನಗೆ ಪರೀಕ್ಷೆಗೆ ಮುಂಚೆಯೇ ಗೊತ್ತಿತ್ತು. ಇದನ್ನು ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಆಮೇಲೆ ‘ನನಗೆ ತಿಳಿದಿರಲಿಲ್ಲ’ ಎಂದು ಜಾರಿಕೊಳ್ಳುವ ಹಾಗಿಲ್ಲ.

ಹುಡುಗಿ ಚುರುಕು. ಐದು ಅಂಕಿಗಳನ್ನು ಹಿಂದಿನಿಂದ ಹೇಳಿದಳು. ಕುಟ್ಟುವ ಆಟದಲ್ಲಿ ಒಂದೇ ತಪ್ಪು. ತುಂಡುಗಳ ನಿಯಮ ಬದಲಾದದ್ದನ್ನು ಮೂರನೆಯದಕ್ಕೇ ಹಿಡಿದು, "ಈಗ ಒರಟ ಒಂದಕಡೆ ಹಾಕ್ಲೇನ್ರಿ?" ಎಂದು ಕೇಳಿದಳು. ಚುಕ್ಕಿ ಕಾರ್ಡಿನ ಮೇಲೆ ಬಲಗೈಯ ಮೊದಲೆರಡು ಬೆರಳಾಡಿಸಿ, "ಇದರಾಗ ಎರಡ, ಇದರಾಗ ಮೂರ. ಇಲ್ಲೊಂದ ಇತ್ತರಿ, ಸವದೈತಿ," ಎಂದಳು. ನಾನು ಕಾರ್ಡನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದೆ. ಅಲ್ಲೊಂದು ಚುಕ್ಕಿ ಸವೆದು ಚಪ್ಪಟೆಯಾಗಿದ್ದು ಕಾರ್ಡಿನ ಒಡತಿಯಾದ ನನಗೇ ಗೊತ್ತಿರಲಿಲ್ಲ. ಆ ಶಿಬಿರಗಳಲ್ಲೆಲ್ಲ ಅಂಥ ಬೆರಳು ನಾನು ಕಾಣಲಿಲ್ಲ.

ಆಮೇಲೆ ಬೆಲ್ಲ ಇಟ್ಟೆ. ಟಪಟಪ ನಡೆದೆ, ಬಾಗಿಲು ಬಡಿದೆ, ಒಳಗೆ ನಿಂತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಬಾಗಿಲ ಕಡೆ ಮುಖ ಮಾಡಿ, "ಬಾಯಾರ?" ಎಂದಳು. ನಾನು ಉಸಿರು ಹಿಡಿದೆ. "ಬಾಯಾರ, ಇದ್ದೀರೇನ್ರಿ?" ಎಂದು ಇನ್ನೊಮ್ಮೆ ಕರೆದಳು. ನಾಲ್ಕು ಮಾರು ದೂರದಲ್ಲಿ ನಾನು ಅವಳನ್ನೇ ನೋಡುತ್ತ ನಿಂತಿದ್ದೆ. ಓಗೊಡಬಾರದು, ಅದು ನಿಯಮ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅವಳು ಬೆಲ್ಲವನ್ನು ಎರಡು ಮಾಡಿ ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ತಟ್ಟೆಯಲ್ಲೇ ಇಟ್ಟು ಕೈ ಒರೆಸಿಕೊಂಡಳು.

ನಾನು ಬಾಗಿಲು ತೆರೆದು ಮುಚ್ಚಿ ಈಗಷ್ಟೇ ಬಂದವಳಂತೆ ಒಳಗೆ ನಡೆದೆ. ನಾಟಕದ ಕಂಪನಿಯಲ್ಲಿದ್ದರೆ ಹೆಸರು ಮಾಡುತ್ತಿದ್ದೆನೇನೋ.

"ಬೆಲ್ಲ ತಿಂದೆ ಏನವ್ವಾ?"

"ಅರ್ಧ ತಿಂದೇನ್ರಿ. ನಿಮಗ ಕೂಗಿದ್ನಿ, ನೀವು ದೂರ ಹೋಗಿದ್ರಿ ಕಾಣತೈತಿ. ಅರ್ಧ ನಿಮಗ ಇಟ್ಟೇನಿ, ತಗೋರಿ."

ಫಾರ್ಮಿನಲ್ಲಿ ಅರ್ಧಕ್ಕೆ ಜಾಗವಿರಲಿಲ್ಲ. ಖರೆ ಹೇಳಿದ್ದಕ್ಕೂ ಜಾಗವಿರಲಿಲ್ಲ. ಮುಟ್ಟಿದರೆ ಸೊನ್ನೆ, ಯಾವುದೇ ಕಾಲಮ್ಮಿನಲ್ಲಿ ಸೊನ್ನೆ ಬಂದರೆ ಅನರ್ಹ. ಬರೆದೆ. ಹೊರಗೆ ಕಾಯುತ್ತಿದ್ದ ತಾಯಿಗೆ ತಿಳಿಸಿ ಹೇಳಬೇಕಲ್ಲ, ಈ ಲಗಾಮು, ತಡೆ ಎಂಬ ಪುರಾಣವೆಲ್ಲ ಅವಳಿಗೆಲ್ಲಿ ತಿಳಿದೀತು ಎಂದು ಚುಟುಕಾಗಿ ಹೇಳಿದೆ: "ಎಲ್ಲಾ ಛಲೋ ಐತವ್ವಾ. ಕೈ ಒಂದ ಹಿಡಿತದಾಗಿಲ್ಲ. ಅದಕ್ಕ ಈ ಸಲ ಆಗೂದಿಲ್ಲ."

"ಕೈ ಏನ್ರಿ?" ಎಂದಳು.

"ಹೂಂ, ಕೈ."

ಅವಳು ಮಗಳ ಕೈಯನ್ನೊಮ್ಮೆ ನೋಡಿ, ಆ ಕೈ ಹಿಡಿದುಕೊಂಡೇ ಬಸ್ಸಿಗೆ ಹೋದಳು.

ಜೂನ್‌ನಲ್ಲಿ ಆಯ್ಕೆಯಾದ ಮಕ್ಕಳು ಬಂದರು. ಒಂದು ಭಾನುವಾರ ಬನಹಟ್ಟಿಯ ಆ ಹುಡುಗಿಗೆ ನಾನೇ ತಲೆ ಬಾಚುತ್ತಿದ್ದೆ. ಅವಳು ಬಾಯಿ ಬಡಕಿ, ಸುಮ್ಮನೆ ಕೂಡುವವಳಲ್ಲ. ಮಗ್ಗದ ಶೆಡ್ಡಿನಲ್ಲಿ ಗಂಡಸರು ಅವಳೊಡನೆ ಆಡುತ್ತಿದ್ದ ಆಟದ ಬಗ್ಗೆ ಹೇಳುತ್ತಿದ್ದಳು. ಕಣ್ಣು ಕಾಣದ ಮಗು ಸಿಕ್ಕರೆ ನಮ್ಮ ಕಡೆ ಎಲ್ಲರೂ ಆಡುವ ಆಟವೇ. ಸದ್ದಿಲ್ಲದೆ ಬಂದು ನಿಲ್ಲುವುದು, ತಲೆಗೆ ಮೊಟಕುವುದು, ‘ನಾ ಯಾರ ಹೇಳು?’ ಎಂದು ಕೇಳುವುದು. ಸರಿ ಹೇಳಿದರೆ ನಗು, ತಪ್ಪು ಹೇಳಿದರೆ ಇನ್ನೊಂದು ಮೊಟಕು. ಮನೆಗೆ ಬಂದ ನೆಂಟರು, ದಾರಿಯಲ್ಲಿ ಸಿಕ್ಕವರು, ಯಾರೂ ಬಿಡುವುದಿಲ್ಲ. ಅದನ್ನು ಪ್ರೀತಿ ಎಂದೇ ತಿಳಿದಿದ್ದಾರೆ.

"ಅದಕ್ಕ ನನಗ ಗೊತ್ತಾಗಿಬಿಡತೈತ್ರಿ ಯಾರರ ನಿಂತ್ರ," ಎಂದಳು. "ನೀವೂ ಅವತ್ತ ನಿಂತಿದ್ರಲ್ಲ."

ಬಾಚಣಿಗೆ ನನ್ನ ಕೈಯಲ್ಲೇ ಉಳಿಯಿತು. "ಯಾವತ್ತ?"

"ಬೆಲ್ಲದ ದಿನ. ನಿಮ್ಮ ಎಣ್ಣಿ ವಾಸನಿ ಬಾಗಲದ ತನಕಾ ಹೋಗಿ ಅಲ್ಲೇ ನಿಂತಬಿಡ್ತು. ಹೊರಗ ಹೋಗಲೇ ಇಲ್ಲ."

"ಗೊತ್ತಿತ್ತಂದ್ರ ಯಾಕ ಸುಮ್ಮ ಕುಂತಿ?"

"ಯಾರರ ಸುಮ್ಕ ನಿಂತು ನೋಡಾಕತ್ತಾಗ ಏನರ ಮುಟ್ಟಿದ್ರ ಹೊಡೀತಾರಲ್ರಿ," ಎಂದಳು, ಇಷ್ಟೂ ತಿಳಿಯದೇ ಎನ್ನುವ ದನಿಯಲ್ಲಿ. ಶಿಬಿರದ ದಿನಗಳಲ್ಲಿ ನಾನು ಬಳೆ ತೆಗೆದಿದ್ದೆ, ಕಾಲುಂಗುರಕ್ಕೆ ದಾರ ಸುತ್ತಿದ್ದೆ. ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿರಲಿಲ್ಲ.

ಉಳಿದ ಏಳು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಮಾತಿನ ನಡುವೆ ಮಾತು ತಂದು ಕೇಳಿದೆ. ಇಬ್ಬರಿಗೆ ನೆನಪಿರಲಿಲ್ಲ. ಉಳಿದವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ನನ್ನನ್ನು ಹಿಡಿದಿದ್ದರು. ಒಬ್ಬಳಿಗೆ ನನ್ನ ಹೊಟ್ಟೆ ಗುರುಗುಟ್ಟಿದ್ದು ಕೇಳಿಸಿತ್ತಂತೆ. ನಾನು ಅಳೆದದ್ದು ಹಿಡಿತವನ್ನಲ್ಲ. ಮನೆಯಲ್ಲಿ ಮೊಟಕಿಸಿಕೊಂಡು, ಯಾರನ್ನೂ ನಂಬಬಾರದೆಂದು ಕಲಿತ ಮಕ್ಕಳು ನನ್ನ ಪರೀಕ್ಷೆಯಲ್ಲಿ ಪಾಸಾಗಿದ್ದರು. ಹೋದೆ ಎಂದವಳು ಹೋಗಿದ್ದಾಳೆ ಎಂದು ನಂಬಿದ ಹುಡುಗಿ ಫೇಲಾಗಿ ಕಂಬಕ್ಕೆ ಕಟ್ಟಿಸಿಕೊಂಡು ಕುಳಿತಿದ್ದಳು.

ಮರುದಿನವೇ ಹೆಡ್ ಮಾಸ್ತರರ ಮುಂದೆ ನಿಂತೆ. ಅದೃಷ್ಟವೋ ಏನೋ, ಮುಧೋಳದಿಂದ ಬಂದಿದ್ದ ಹುಡುಗಿಯೊಬ್ಬಳು ಅತ್ತೂ ಅತ್ತೂ ಜ್ವರ ಹಿಡಿಸಿಕೊಂಡು ಅಂದು ಬೆಳಿಗ್ಗೆಯಷ್ಟೇ ಊರಿಗೆ ವಾಪಸು ಹೋಗಿದ್ದಳು. ಒಂದು ಹಾಸಿಗೆ ಖಾಲಿಯಿತ್ತು. ಗಲಗಲಿಯ ಹುಡುಗಿಗೆ ಹತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. "ಇದಕ್ಯಾಕ ಇಷ್ಟ ತಲಿ ಕೆಡಿಸಿಕೊಂತೀರಿ ಬಾಯಾರ?" ಎಂದು ಫಾರ್ಮನ್ನು ನನ್ನ ಮುಂದೆ ಸರಿಸಿದರು. "ಸೊನ್ನಿ ಹಿಂದ ಒಂದ ಗೆರಿ ಎಳೀರಿ, ಹತ್ತ ಆಕ್ಕೈತಿ. ಸಹಿ ನಾ ಹಾಕ್ತೇನಿ. ನಾಳೆ ಹೋಗಿ ಕರ್ಕೊಂಡ ಬರ್ರಿ."

ಅವತ್ತು ಒಂದು ಗೆರೆ ಎಳೆದಿದ್ದರೆ ಈ ಕಥೆ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಆದರೆ ನಾನೆಂಥವಳು! ಒಮ್ಮೆ ಮೋಸ ಮಾಡಿದ ಪರೀಕ್ಷೆಯನ್ನು ಇನ್ನೊಂದು ಮೋಸದಿಂದ ಸರಿಪಡಿಸುವುದೇ? ಮಗುವಿಗೆ ನ್ಯಾಯವಾದ ಪರೀಕ್ಷೆ ಸಿಗಬೇಕು, ಅದು ಅವಳ ಹಕ್ಕು, ಎಂದೆಲ್ಲ ಭಾಷಣ ಬಿಗಿದೆ. "ಖೊಟ್ಟಿ ನಾ ಬರಿಯೂದಿಲ್ರಿ ಸರ್. ಹೋಗಿ ಮತ್ತೊಮ್ಮಿ ಮಾಡ್ತೇನಿ, ಈ ಸಲ ಖರೇನ ಹೊರಗ ಹೋಗ್ತೇನಿ," ಎಂದೆ.

"ನಿಮ್ಮ ಖುಷಿ," ಎಂದರು ಅವರು.

ಗಲಗಲಿಗೆ ಒಂದು ಅಂಚೆ ಕಾರ್ಡು ಹಾಕಿದೆ. ಹದಿನೈದು ದಿನ ಬಿಟ್ಟು ಬರುತ್ತೇನೆ, ಹುಡುಗಿಯನ್ನು ಊರ ಸಾಲೆಗೆ ಕರೆದುಕೊಂಡು ಬಾ ಎಂದು ಬರೆದೆ. ನನ್ನ ನ್ಯಾಯದ ಮೇಲೆ ನನಗೇ ಪೂರ್ತಿ ನಂಬಿಕೆ ಇರಲಿಲ್ಲವೆಂದು ಕಾಣುತ್ತದೆ, ಅವಳು ಮತ್ತೆ ಮುಟ್ಟಿಬಿಟ್ಟರೆ ಎಂಬ ಅಂಜಿಕೆಗೆ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಅಷ್ಟರಲ್ಲಿ ಹುಡುಗಿಗೆ ಕೈ ತಡೆದುಕೊಳ್ಳುವುದನ್ನು ರೂಢಿ ಮಾಡಿಸು.’

ಹೋದ ದಿನ ಸಾಲೆಗೆ ರಜೆ ಇತ್ತು. ತಾಯಿ ಮಗಳಿಗೆ ಬೇರೆ ಲಂಗ ಉಡಿಸಿ, ತಲೆಗೆ ನೀರು ಹಚ್ಚಿ ಬಾಚಿ ಕರೆತಂದಿದ್ದಳು. ಕಂಕುಳಲ್ಲಿ ಇನ್ನೊಂದು ಕೂಸಿತ್ತು, ಮೂರು ವರ್ಷದ ಹೆಣ್ಣು. ಮೊದಲು ಬೆಲ್ಲವೇ ಆಗಲಿ ಎಂದು ಹುಡುಗಿಯ ಮುಂದೆ ಚೂರಿಟ್ಟೆ. ಹೇಳುವುದನ್ನು ಹೇಳಿ, ಚಪ್ಪಲಿ ಹಾಕಿಕೊಂಡೇ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕುಳಿತೆ. ಗಡಿಯಾರ ನೋಡುತ್ತ ಹತ್ತು ನಿಮಿಷ. ಕಿಟಕಿಯ ಹತ್ತಿರವೂ ಸುಳಿಯಲಿಲ್ಲ. ಮನಸ್ಸು ಹಗುರವಾಗಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಬಗ್ಗೆ ನನಗೆ ಒಳ್ಳೆಯ ಭಾವನೆ ಬಂದಿತ್ತು.

ಒಳಗೆ ಹೋದಾಗ ಬೆಲ್ಲ ಇಟ್ಟಲ್ಲೇ ಇತ್ತು. ಅದಕ್ಕೆ ಇರುವೆ ಮುತ್ತಿದ್ದವು. ಹುಡುಗಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ಕುಳಿತಿದ್ದಳು. ನಾನು ಕೇಳುವ ಮೊದಲೇ, "ಮುಟ್ಟಿಲ್ರಿ, ಮುಟ್ಟಿಲ್ರಿ," ಎಂದಳು.

"ಶಾಣ್ಯಾಕಿ. ತಗೋ, ಎರಡ ಚೂರ ನಿನಗ."

ಕೈ ಹೊರಗೆ ಬರಲಿಲ್ಲ. ತಲೆ ಅತ್ತಿತ್ತ ತಿರುಗಿಸಿ ಕೋಣೆಯ ಮೂಲೆಗಳನ್ನು ಕೇಳಿಸಿಕೊಂಡಳು. "ಅವ್ವ ಇಲ್ಲೇ ನಿಂತಾಳೇನ್ರಿ?"

"ಇಲ್ಲವ್ವಾ. ಹೊರಗ ಅದಾಳ."

"ಹಂಗಾದ್ರೂ ಬ್ಯಾಡ್ರಿ."

ಕಾಲಮ್ಮಿನಲ್ಲಿ ಹತ್ತು ಬರೆದು ಚುಕ್ಕಿ ಕಾರ್ಡು ಮುಂದಿಟ್ಟೆ. ಇದರಲ್ಲಂತೂ ಅವಳು ರಾಣಿ, ಮಗುವಿನ ಅಂಜಿಕೆ ಹೋಗಲಿ ಎಂದುಕೊಂಡು, "ಬಲಗೈ ತಾ," ಎಂದೆ. ಬಹಳ ಹೊತ್ತಿಗೆ ಕೊಟ್ಟಳು. ತೋರುಬೆರಳು, ನಡುಬೆರಳು, ಎರಡರ ತುದಿಯಲ್ಲೂ ಹಳೆಯ ಚರ್ಮ ಸುಲಿದು ಗುಲಾಬಿ ಬಣ್ಣದ ಹೊಸ ಚರ್ಮ ಬಿಗಿದು ಹೊಳೆಯುತ್ತಿತ್ತು. ನಾನೇ ಆ ಬೆರಳುಗಳನ್ನು ಹಿಡಿದು ಕಾರ್ಡಿನ ಮೇಲೆ ಇಟ್ಟೆ. ಮೆಲ್ಲಗೆ ಹಿಂದೆ ಮುಂದೆ ಆಡಿಸಿದಳು.

"ಏನೂ ತಿಳೀವಲ್ದುರಿ," ಎಂದಳು.

ತಾಯಿಯನ್ನು ಒಳಗೆ ಕರೆದು ಆ ಬೆರಳುಗಳನ್ನು ತೋರಿಸಿದೆ. ಅವಳೇ ಹೇಳಿದಳು, ಮಾಡಿದ ಕೆಲಸದ ಲೆಕ್ಕ ಒಪ್ಪಿಸುವವಳ ಹಾಗೆ, ಸಮಾಧಾನದಿಂದ.

"ನಿಮ್ಮ ಕಾರ್ಡ ಬಂತಲ್ರಿ. ಅಂಗಡಿಯಾಂವ ಓದಿ ಹೇಳಿದ, ಕೈ ತಡ್ಯಾಕ ಕಲಸಂತ ಬರದಾರವ್ವಾ ಅಂತ. ದಿನಾ ಬೆಲ್ಲ ಇಟ್ಟ, ನಾ ಹೋಗ್ತೇನಿ ಅಂತ ಹೇಳಿ ಅಲ್ಲೇ ಸುಮ್ಕ ನಿಲ್ತಿದ್ನಿ. ಮುಟ್ಟಿದ್ಲರಿ. ಹೊಡದ ನೋಡಿದ್ನಿ, ಮರದಿನಾ ಮತ್ತ ಮುಟ್ಟಿದ್ಲು. ಯಾವ ಕೈ ಬಟ್ಟ ಮುಟ್ಟಿದ್ವು, ಆ ಎರಡ ಬಟ್ಟ ಕಾದ ಹಂಚಿಗೆ ಹಚ್ಚಿಸಿದ್ನಿ. ಅವತ್ತಿಂದ ಮುಟ್ಟಿಲ್ಲ. ನೀವು ಹೇಳಿದ್ದಕ್ಕ ಆತರಿ ಬಾಯಾರ, ಇಲ್ಲಾಂದ್ರ ನನಗೆಲ್ಲಿ ತಿಳೀತಿತ್ತು? ಈಗರ ತಗೋತೀರಿಲ್ರಿ?"

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವಳು ಒಂಬತ್ತು ವರ್ಷದ ಹುಡುಗಿ. ಒಳಗೇ ನಿಲ್ಲುವ ಉಪಾಯವನ್ನು ಈ ತಾಯಿಗೆ ಯಾರೂ ಕಲಿಸಿರಲಿಲ್ಲ, ನಮ್ಮ ಹೆಡ್ ಮಾಸ್ತರರಿಗೆ ಹೊಳೆದ ಹಾಗೆ ಅವಳಿಗೂ ತಾನಾಗಿಯೇ ಹೊಳೆದಿತ್ತು. ಅವಳನ್ನು ಬೈಯಲು ನನಗೆ ಯಾವ ಮುಖವಿತ್ತು?

ಎಡಗೈಯನ್ನು ನೋಡಿದೆ. ಆ ಬೆರಳುಗಳಿಗೆ ಎರಡು ಚುಕ್ಕಿ, ಮೂರು ಚುಕ್ಕಿಯ ಭೇದ ತಡವಾಗಿ, ತಪ್ಪುತ್ತ ತಪ್ಪುತ್ತ ತಿಳಿಯಿತು. ಬಲಗೈಯ ಕಾಲಮ್ಮಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅಲ್ಲೂ ಸೊನ್ನೆ, ಮತ್ತೆ ಅನರ್ಹ, ಮತ್ತೆ ಹಗ್ಗ. ಅವತ್ತು ನಾನು ಖೊಟ್ಟಿ ಬರೆದೆ. ಬಲಗೈ ಉತ್ತಮ, ಎಡಗೈ ಉತ್ತಮ. ಹದಿನೈದು ದಿನದ ಹಿಂದೆ ಇದೇ ಪೆನ್ನಿನಿಂದ ಒಂದು ಗೆರೆ ಎಳೆಯಲು ನನ್ನ ಸತ್ಯ ಅಡ್ಡ ಬಂದಿತ್ತು.

ಅಂದೇ ಮಧ್ಯಾಹ್ನ ಅವರನ್ನು ಕರೆದುಕೊಂಡು ಜಮಖಂಡಿಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಹುಡುಗಿ, ನಡುವೆ ತಾಯಿ, ಈ ತುದಿಗೆ ನಾನು. ತಾಯಿಯ ಮುಖ ಅರಳಿತ್ತು. ಕಂಡಕ್ಟರನಿಗೂ ಹೇಳಿದಳು, ಮಗಳಿಗೆ ಸಾಲ್ಯಾಗ ಜಾಗ ಸಿಕ್ಕೈತ್ರಿ ಎಂದು. ತೊಡೆಯ ಮೇಲಿದ್ದ ಸಣ್ಣ ಕೂಸು ಬಸ್ಸಿನ ಟಿಕೀಟನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓರೆಯಾಗಿ ನೋಡುತ್ತಿತ್ತು. ಹಾಗೆ ನೋಡುವ ಮಕ್ಕಳನ್ನು ನಾನು ಎಷ್ಟೋ ಕಂಡಿದ್ದೇನೆ.

ತಾಯಿಯೇ ಮಾತು ತೆಗೆದಳು. "ಈ ಸಣ್ಣಾಕಿಗೂ ಕಣ್ಣ ಮಬ್ಬ ಆಗಾಕತ್ತಾವ್ರಿ. ದೊಡ್ಡಾಕಿಗೂ ಹಿಂಗ ಸುರು ಆಗಿದ್ವು. ಇನ್ನ ಐದಾರ ವರ್ಷಕ್ಕ ನಿಮ್ಮ ಕಡೇನ ತರೂದಲ್ರಿ? ಅದಕ್ಕ ಕೇಳ್ತೇನಿ. ಇಕಿಗೂ ಈಗಿಂದನ ಕೈ ರೂಢಿ ಮಾಡಸ್ಲೇನ್ರಿ? ಸಣ್ಣವು ಇದ್ದಾಗ ಲಗೂ ಕಲೀತಾವು."

ಬಸ್ಸು ಕಬ್ಬಿನ ಹೊಲಗಳ ನಡುವೆ ಹೋಗುತ್ತಿತ್ತು. ನನಗೆ ಸುಮ್ಮನಿರುವ ದಾರಿಯೂ ಇತ್ತು. ‘ಬ್ಯಾಡವ್ವಾ, ನಿಯಮ ಬದಲಾಗ್ಯಾವು’ ಎಂದು ಜಾರಿಕೊಳ್ಳಬಹುದಿತ್ತು. ಅವಳು ನೆಮ್ಮದಿಯಿಂದ ಊರಿಗೆ ಹೋಗುತ್ತಿದ್ದಳು. ಆದರೆ ಒಮ್ಮೆ ಫಲಿಸಿದ ಮದ್ದನ್ನು ಯಾವ ತಾಯಿಯಾದರೂ ಬಿಟ್ಟಾಳೇ? ಕಾರಣ ಹೇಳದೆ ಬೇಡ ಎಂದರೆ ಅವಳು ನಂಬುವವಳಲ್ಲ. ಆ ಕೂಸಿನ ಬೆರಳು ಉಳಿಯಬೇಕಾದರೆ ಈ ತಾಯಿಯನ್ನು ಸುಡದೆ ಗತಿಯಿರಲಿಲ್ಲ.

"ಮಾಡಸಬ್ಯಾಡವ್ವಾ," ಎಂದೆ. "ದೊಡ್ಡಾಕಿ ಕೈದೂ ಏನೂ ತಪ್ಪಿದ್ದಿಲ್ಲ. ನಾ ಹೊರಗ ಹೋಗ್ತೇನಿ ಅಂತ ಸುಳ್ಳ ಹೇಳಿ ಒಳಗ ನಿಂತಿದ್ದೆ. ಆಕಿ ಎರಡ ಸಲ ಕರ್ದ್ಲು, ನಾ ಓ ಅನ್ನಲಿಲ್ಲ. ಯಾರೂ ಇಲ್ಲಂತ ತಿಳದ ಅರ್ಧ ತಿಂದು, ಅರ್ಧ ನನಗ ಇಟ್ಟಿದ್ಲು. ತಪ್ಪ ನನ್ನ ಪರೀಕ್ಷಾದ್ದು. ಸಾಲ್ಯಾಗ ಓದಾಕ ಬೇಕಾಗಿದ್ದು ಆ ಎರಡ ಬಟ್ಟನ. ಅವು ಈಗ ಚುಕ್ಕಿ ಓದೂದಿಲ್ಲ."

ಕಿಟಕಿಯ ಕಡೆ ಮುಖ ಮಾಡಿದ್ದ ಹುಡುಗಿ ಇತ್ತ ತಿರುಗಿದಳು. "ಅವತ್ತ ಅಲ್ಲೇ ಇದ್ರೇನ್ರಿ?" ಎಂದು ಕೇಳಿದಳು. ನಾನು ಹೂಂ ಎಂದೆ. ಅವಳು ಕಿಟಕಿಗೆ ಒತ್ತಿಕೊಂಡು, ನನ್ನಿಂದ ಇನ್ನಷ್ಟು ದೂರ ಸರಿದಳು.

ತಾಯಿ ಮಗಳ ಬಲಗೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಮಡಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಎರಡರ ತುದಿಯನ್ನು ತನ್ನ ಹೆಬ್ಬೆರಳಿನಿಂದ ಸವರಿ ನೋಡಿದಳು. ಜಮಖಂಡಿ ಹತ್ತಿರ ಬಂದಾಗ ತಲೆ ಎತ್ತದೆಯೇ ಕೇಳಿದಳು.

"ಹಂಗಾದ್ರ ನಾ ಸುಮ್‌ಸುಮ್ಮನ ಸುಟ್ನೇನ್ರಿ ಬಾಯಾರ?"

ಹೌದವ್ವಾ, ಎಂದೆ.